ನಿಲ್ಲಿಸಿದ ಕಾರನ್ನು ಸುಮ್ನೆ ಸ್ಟಾರ್ಟ್ ಮಾಡಬೇಡಿ

ಕೇಳುಗರಿಗೆ ನಮಸ್ಕಾರ.

ಚಳಿಗಾಲ ಬಂತು ಅಂದರೆ ಕಾರನ್ನು ಮೂರು ನಾಲ್ಕು ತಿಂಗಳು ಓಡಿಸದೆ ನಿಲ್ಲಿಸುವವರು ಬಹಳ ಜನ. ಹಿಮ ಬೀಳುವ ಕಡೆ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪು ತಗಲಿದರೆ ಕಾರಿನ ತಳ ತುಕ್ಕು ಹಿಡಿಯುತ್ತದೆ, ಅದಕ್ಕೇ ಹೊರಗೆ ತೆಗೆಯೋದು ಬೇಡ ಅಂತ ಕೆಲವರು. ಜಾರುವ ರಸ್ತೆಯಲ್ಲಿ ಓಡಿಸುವ ಧೈರ್ಯ ಇಲ್ಲ ಅಂತ ಕೆಲವರು. ಹಳೇ ಕಾರೊಂದನ್ನು ಪ್ರೀತಿಯಿಂದ ಇಟ್ಟುಕೊಂಡು ಬಿಸಿಲು ಬಂದ ಮೇಲೆ ಮಾತ್ರ ತೆಗೆಯುವವರು ಇನ್ನು ಕೆಲವರು. ನೀವು ಯಾರೇ ಆಗಿರಿ, ಒಂದು ಮಾತು ಹೇಳಲೇಬೇಕು ಅಂತ ಬಂದಿದ್ದೇನೆ. ಬೇರೆಯದನ್ನೂ ಹೇಳುತ್ತೇನೆ. ಆದರೆ ಇದೊಂದನ್ನು ಮರೆಯಬೇಡಿ.

ನಿಲ್ಲಿಸಿದ ಕಾರನ್ನು ನಡುನಡುವೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಬೇಡಿ.

ಓಡಿಸುವುದಾದರೆ ಅರ್ಧ ಗಂಟೆಯಾದರೂ ರಸ್ತೆಯ ಮೇಲೆ ಓಡಿಸಿ. ಆಗಲ್ಲ ಅಂದರೆ ಮುಟ್ಟಲೇಬೇಡಿ.

"ಏನು ಸಾರ್, ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿದರೆ ಎಂಜಿನ್ ಚೆನ್ನಾಗಿರುತ್ತೆ ಅಂತಾರಲ್ಲ?" ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಯಾರು ಹೇಳಿದ್ದು ಅಂತ ತಿರುಗಿ ಕೇಳಿದರೆ ಯಾರಿಗೂ ಗೊತ್ತಿಲ್ಲ. ಎಲ್ಲರೂ ಮಾಡುತ್ತಾರೆ, ನಾವೂ ಮಾಡುತ್ತೇವೆ, ಅಷ್ಟೇ. ಕಾರಣ ಗೊತ್ತಾದರೆ ನೀವೇ ಬಿಡುತ್ತೀರಿ.

ಪೆಟ್ರೋಲ್ ಉರಿದರೆ ಹೊಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ನೀರೂ ಬರುತ್ತದೆ. ಪೆಟ್ರೋಲಿನಲ್ಲಿ ಹೈಡ್ರೋಜನ್ ಇದೆ. ಉರಿಯುವಾಗ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಬಿಸಿ ಇದ್ದಾಗ ಈ ನೀರು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಎಂಜಿನ್ ತಣ್ಣಗಿದ್ದರೆ? ಆವಿ ತಣ್ಣನೆಯ ಕಬ್ಬಿಣಕ್ಕೆ ತಾಗಿ ಅಲ್ಲೇ ನೀರಾಗಿ ನಿಲ್ಲುತ್ತದೆ. ಒಂದಷ್ಟು ಸೈಲೆನ್ಸರಿನ ಹೊಟ್ಟೆಯಲ್ಲಿ. ಇನ್ನೊಂದಷ್ಟು ಪಿಸ್ಟನ್ ಸಂದಿಯಿಂದ ಇಳಿದು ಆಯಿಲಿನಲ್ಲಿ. ತಣ್ಣನೆಯ ಎಂಜಿನ್ನಿಗೆ ಪೆಟ್ರೋಲೂ ಜಾಸ್ತಿ ಬೇಕು. ಪೂರ್ತಿ ಉರಿಯದ ಪೆಟ್ರೋಲ್ ಕೂಡ ಆಯಿಲಿಗೇ ಸೇರುತ್ತದೆ. ಐದು ನಿಮಿಷಕ್ಕೆ ನೀವು ಕೀ ತಿರುಗಿಸಿ ಆಫ್ ಮಾಡುತ್ತೀರಿ. ನೀರು ಒಳಗೇ ಉಳಿಯಿತು. ಮುಂದಿನ ವಾರ ಮತ್ತಷ್ಟು. ಎಂಜಿನ್ ಕಾಪಾಡುತ್ತೇವೆ ಅಂದುಕೊಂಡು ವಾರ ವಾರವೂ ಅದರೊಳಗೆ ನೀರು ತುಂಬುತ್ತಿದ್ದೀರಿ.

ನಮ್ಮ ವರ್ಕ್‌ಶಾಪಿಗೆ ಒಬ್ಬ ನಿವೃತ್ತ ಮೇಷ್ಟ್ರು ಬರುತ್ತಿದ್ದರು. ಎಲ್ಲದರಲ್ಲೂ ಶಿಸ್ತು. ಕಾರಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದರು. ಪೆಟ್ರೋಲ್ ಹಾಕಿಸಿದ್ದು, ಗಾಳಿ ಹಿಡಿಸಿದ್ದು, ಬಲ್ಬ್ ಬದಲಿಸಿದ್ದು, ಎಲ್ಲ ದಿನಾಂಕ ಸಮೇತ ಅದರಲ್ಲಿ ಬರೆಯುತ್ತಿದ್ದರು. ಅಂಥ ಗಿರಾಕಿ ಸಿಕ್ಕರೆ ಮೆಕ್ಯಾನಿಕ್ಕಿಗೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಸಲ ಚಳಿಗಾಲ ಮುಗಿಯುತ್ತಿದ್ದಂತೆ ಕಾರು ತಂದರು. ದೂರದಿಂದಲೇ ಸದ್ದು ಕೇಳಿ ಸೈಲೆನ್ಸರ್ ತೂತಾಗಿದೆ ಅಂತ ಗೊತ್ತಾಯಿತು. ಸೆಲ್ಫ್ ಹೊಡೆದರೆ ಎಂಜಿನ್ ಅಳುತ್ತಾ ಅಳುತ್ತಾ ತಿರುಗುತ್ತಿತ್ತು. ನಾನು ಬಾನೆಟ್ ಎತ್ತಿ ಆಯಿಲ್ ಹಾಕುವ ಮುಚ್ಚಳ ತೆಗೆದೆ. ಮುಚ್ಚಳದ ಒಳಮೈಗೆ ಬೆಳ್ಳಗೆ, ಬೆಣ್ಣೆ ಮೆತ್ತಿದ ಹಾಗೆ ಏನೋ ಮೆತ್ತಿಕೊಂಡಿತ್ತು. ಆಯಿಲೂ ನೀರೂ ಕಲಸಿಕೊಂಡರೆ ಆಗುವುದು ಅದೇ.

"ಮೇಷ್ಟ್ರೇ, ಚಳಿಗಾಲದಲ್ಲಿ ಕಾರು ಏನು ಮಾಡಿದಿರಿ?"

"ಏನೂ ಇಲ್ಲಪ್ಪ, ಶೆಡ್ಡಿನಲ್ಲೇ ಇತ್ತು. ಪ್ರತಿ ಭಾನುವಾರ ಬೆಳಿಗ್ಗೆ ಸ್ಟಾರ್ಟ್ ಮಾಡುತ್ತಿದ್ದೆ. ಬೇಕಾದರೆ ನೋಡು" ಅಂತ ನೋಟ್‌ಬುಕ್ ಕೈಗೆ ಕೊಟ್ಟರು. ಸಾಲಾಗಿ ಭಾನುವಾರಗಳು. ಪ್ರತಿಯೊಂದರ ಮುಂದೆ 'ಐದು ನಿಮಿಷ, ಸರಿ ಇದೆ' ಅಂತ ಬರೆದು ಗೆರೆ ಎಳೆದಿದ್ದರು. ಒಂದು ವಾರವೂ ತಪ್ಪಿಲ್ಲ.

"ಐದೇ ನಿಮಿಷ ಯಾಕೆ?"

"ಸುಮ್ನೆ ಪೆಟ್ರೋಲ್ ಯಾಕೆ ಹಾಳು?"

"ಶೆಡ್ಡಿನ ಬಾಗಿಲು?"

"ಚಳಿ ಅಲ್ವಾ, ಸ್ವಲ್ಪ ಮಾತ್ರ ತೆಗೀತಿದ್ದೆ."

ಅದನ್ನು ಕೇಳಿ ನನಗೆ ಎದೆ ಧಸಕ್ಕೆಂದಿತು. ಎಂಜಿನ್ ಹಾಳಾದರೆ ರಿಪೇರಿ ಮಾಡಬಹುದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತಿ ಬೀಳುವವರೆಗೂ ಗೊತ್ತಾಗುವುದಿಲ್ಲ. ದಯವಿಟ್ಟು, ಬಾಗಿಲು ಮುಚ್ಚಿದ ಅಥವಾ ಅರ್ಧ ತೆರೆದ ಶೆಡ್ಡಿನಲ್ಲಿ ಯಾರೂ ಎಂಜಿನ್ ಓಡಿಸಬೇಡಿ. ಒಂದು ನಿಮಿಷಕ್ಕೂ ಬೇಡ.

ಮೇಷ್ಟ್ರಿಗೆ ನನ್ನ ಮಾತು ಒಪ್ಪಿಗೆಯಾಗಲಿಲ್ಲ. ಶಿಸ್ತಿನಿಂದ ಮಾಡಿದ ಕೆಲಸ ತಪ್ಪು ಅಂದರೆ ಯಾರಿಗೆ ತಾನೇ ಒಪ್ಪಿಗೆಯಾಗುತ್ತದೆ? ಅಂಗಳದಲ್ಲಿ ರಾತ್ರಿಯಿಡೀ ನಿಂತಿದ್ದ ಇನ್ನೊಂದು ಕಾರನ್ನು ಸ್ಟಾರ್ಟ್ ಮಾಡಿಸಿದೆ. ಸೈಲೆನ್ಸರ್ ಬಾಯಿಗೆ ಒಂದು ತಣ್ಣನೆಯ ಸ್ಟೀಲ್ ತಟ್ಟೆ ಹಿಡಿದೆ. ಸ್ವಲ್ಪ ಹೊತ್ತಿಗೆ ತಟ್ಟೆ ಬೆವರಿತು. ಹನಿ ಕೂಡಿ ಕೆಳಗೆ ತೊಟ್ಟಿಕ್ಕಿತು. ಅವರು ಬೆರಳಿಂದ ಮುಟ್ಟಿ ನೋಡಿದರು, ಮೂಸಿ ನೋಡಿದರು. ಆಮೇಲೆ ಅವರದೇ ಕಾರಿನ ಸೈಲೆನ್ಸರ್ ಬಿಚ್ಚಿ ಬಗ್ಗಿಸಿದೆವು. ಕೆಂಪಗೆ ತುಕ್ಕು ಬೆರೆತ ನೀರು ಸುರಿಯಿತು. ಅಲ್ಲಿಗೆ ವಾದ ಮುಗಿಯಿತು.

ಮುಂದಿನ ಚಳಿಗಾಲದಲ್ಲೂ ಮೇಷ್ಟ್ರು ಭಾನುವಾರ ಬೆಳಿಗ್ಗೆ ಶೆಡ್ಡಿಗೆ ಹೋಗುವುದನ್ನು ಬಿಡಲಿಲ್ಲ. ನೋಟ್‌ಬುಕ್ಕೂ ಬಿಡಲಿಲ್ಲ. ಆದರೆ ಕೀ ಮಾತ್ರ ಮುಟ್ಟಲಿಲ್ಲ. ಒಂದು ಮಲ್ಟಿಮೀಟರ್ ತೆಗೆದುಕೊಂಡಿದ್ದರು. ಬ್ಯಾಟರಿಯ ವೋಲ್ಟೇಜ್ ನೋಡಿ ಬರೆದುಕೊಂಡು ಬಾಗಿಲು ಹಾಕಿಕೊಂಡು ಬರುತ್ತಿದ್ದರು. ಇದನ್ನು ನೀವೂ ಮಾಡಬಹುದು. ಇದೇ ಸರಿಯಾದ ಕಾಳಜಿ.

ಬ್ಯಾಟರಿಯ ವಿಷಯ ಬಂದ ಮೇಲೆ ಅದನ್ನೂ ಬಿಡಿಸಿ ಹೇಳುತ್ತೇನೆ. ಜನ ಸ್ಟಾರ್ಟ್ ಮಾಡುವುದೇ ಬ್ಯಾಟರಿ ಉಳಿಸಲು. ಅದೂ ಆಗುವುದಿಲ್ಲ. ಸೆಲ್ಫ್ ಹೊಡೆದ ಕ್ಷಣ ನೂರಾರು ಆಂಪಿಯರ್ ಎಳೆಯುತ್ತದೆ. ತಣ್ಣಗಿರುವ ಬ್ಯಾಟರಿ ಚಾರ್ಜ್ ತೆಗೆದುಕೊಳ್ಳುವುದೇ ನಿಧಾನ. ನಿಂತಲ್ಲೇ ಐದು ನಿಮಿಷ ಓಡಿಸಿದರೆ ಅದು ತುಂಬುವುದಿಲ್ಲ.

ಹಾಗಂತ ಹಾಗೇ ಬಿಟ್ಟರೂ ಇಳಿಯುತ್ತದೆ. ಕಾರು ನಿಂತಿದ್ದರೂ ಅಲಾರಂ, ಗಡಿಯಾರ, ಲಾಕ್, ಒಳಗಿನ ಕಂಪ್ಯೂಟರ್ ಎಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಿರುತ್ತವೆ. ಅದು 50 ಮಿಲಿಆಂಪಿಯರ್ ಅಂತ ಇಟ್ಟುಕೊಳ್ಳಿ. ದಿನಕ್ಕೆ 1.2 ಆಂಪಿಯರ್‌ಅವರ್ ಆಯಿತು, ಬ್ಯಾಟರಿಯ ಚಾರ್ಜ್ ಅಳೆಯುವುದು ಈ ಲೆಕ್ಕದಲ್ಲೇ. 45 ಆಂಪಿಯರ್‌ಅವರಿನ ಬ್ಯಾಟರಿ ಐದಾರು ವಾರಕ್ಕೆ ಪೂರ್ತಿ ಖಾಲಿ. ಖಾಲಿಯಾಗಿ ನಿಂತ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಂತಾಗುವುದಿಲ್ಲ. ಚಳಿ ಜೋರಾಗಿದ್ದರೆ ಇನ್ನೂ ಅಪಾಯ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಸೊನ್ನೆಗಿಂತ 50 ಡಿಗ್ರಿ ಕೆಳಗೆ ಹೋದರೂ ಹೆಪ್ಪುಗಟ್ಟುವುದಿಲ್ಲ. ಖಾಲಿ ಬ್ಯಾಟರಿ ಸೊನ್ನೆಗಿಂತ 10 ಡಿಗ್ರಿ ಕೆಳಗೇ ಹೆಪ್ಪುಗಟ್ಟಿ ಒಡೆದುಹೋಗಬಹುದು.

ಮಾಡಬೇಕಾದದ್ದು ಸುಲಭ. ಪೂರ್ತಿ ಚಾರ್ಜ್ ಮಾಡಿ. ಶೆಡ್ಡಿನಲ್ಲಿ ಕರೆಂಟ್ ಇದ್ದರೆ, ತುಂಬಿದ ಮೇಲೆ ತಾನೇ ಕಡಿಮೆ ಮಾಡಿಕೊಳ್ಳುವ ಆಟೋಮ್ಯಾಟಿಕ್ ಚಾರ್ಜರ್ ಹಾಕಿಟ್ಟುಬಿಡಿ. ಇಲ್ಲದಿದ್ದರೆ ಮೈನಸ್ ವೈರ್ ಬಿಚ್ಚಿಡಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಮೀಟರಿನಲ್ಲಿ 12.6 ವೋಲ್ಟ್ ಇದ್ದರೆ ಚೆನ್ನಾಗಿದೆ. 12.4ಕ್ಕೆ ಇಳಿದರೆ ಚಾರ್ಜ್ ಮಾಡಿ. ಬ್ಯಾಟರಿ ಡಿಕ್ಕಿಯಲ್ಲಿರುವ ಕಾರಾದರೆ ಒಂದು ಮಾತು. ಡಿಕ್ಕಿ ಕರೆಂಟ್ ಇಲ್ಲದೆ ತೆರೆಯುತ್ತದಾ ಅಂತ ಮೊದಲು ನೋಡಿ, ಆಮೇಲೆ ಮುಚ್ಚಿ.

ಕಥೆಗೇ ಹೊತ್ತು ಹೋಯಿತು, ಇನ್ನು ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಆಯಿಲನ್ನು ನಿಲ್ಲಿಸುವ ಮೊದಲೇ ಬದಲಿಸಿ, ತೆಗೆದ ಮೇಲೆ ಅಲ್ಲ. ಓಡಿದ ಆಯಿಲಿನಲ್ಲಿ ಆಸಿಡ್ ಇರುತ್ತದೆ. ಅದು ತಿಂಗಳುಗಟ್ಟಲೆ ಬೇರಿಂಗಿನ ಮೇಲೆ ಕೂರುವುದು ಒಳ್ಳೆಯದಲ್ಲ. ಪೆಟ್ರೋಲ್ ಟ್ಯಾಂಕ್ ತುಂಬಿಸಿ. ಖಾಲಿ ಜಾಗ ಇದ್ದಷ್ಟೂ ಒಳಗೆ ತೇವದ ಗಾಳಿ. ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕುವುದಾದರೆ, ಹಾಕಿದ ಮೇಲೆ ಒಂದು ಸುತ್ತು ಓಡಿಸಿ. ಟ್ಯಾಂಕಿನಲ್ಲೇ ನಿಂತರೆ ಪ್ರಯೋಜನ ಇಲ್ಲ, ಅದು ಎಂಜಿನ್ನಿನವರೆಗೂ ಹೋಗಬೇಕು.

ರೇಡಿಯೇಟರಿನಲ್ಲಿ ಬರೀ ನೀರು ಇದ್ದರೆ ಇವತ್ತೇ ಬದಲಿಸಿ. ನೀರು ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗುತ್ತದೆ. ಆ ಒತ್ತಡಕ್ಕೆ ಎಂಜಿನ್ ಬ್ಲಾಕೇ ಸೀಳಿಹೋಗುತ್ತದೆ. ಹೆಪ್ಪುಗಟ್ಟದಂತೆ ತಡೆಯುವ ಕೂಲೆಂಟ್ ದ್ರವ ಅರ್ಧ, ನೀರು ಅರ್ಧ ಇದ್ದರೆ ಸೊನ್ನೆಗಿಂತ 35 ಡಿಗ್ರಿ ಕೆಳಗಿನವರೆಗೂ ಚಿಂತೆ ಇಲ್ಲ.

ಹ್ಯಾಂಡ್‌ಬ್ರೇಕ್ ಹಾಕಬೇಡಿ. ತಿಂಗಳುಗಟ್ಟಲೆ ಒತ್ತಿಕೊಂಡರೆ ಬ್ರೇಕ್ ಶೂ ಡ್ರಮ್ಮಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಕೊಡಿ. ಟೈರಿಗೆ ಗಾಳಿ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಇರಲಿ, ಆದರೆ ಟೈರಿನ ಮೇಲೆ ಬರೆದಿರುವ ಗರಿಷ್ಠ ಮಿತಿ ದಾಟಬೇಡಿ.

ಕಾರನ್ನು ತೊಳೆದೇ ನಿಲ್ಲಿಸಿ. ತಳಕ್ಕೂ ನೀರು ಹೊಡೆಯಿರಿ, ಉಪ್ಪು ಇರುವುದು ಅಲ್ಲಿ. ತೊಳೆದ ಕೂಡಲೇ ನಿಲ್ಲಿಸಬೇಡಿ, ಬ್ರೇಕ್ ಒಣಗುವವರೆಗೆ ಓಡಿಸಿ ಬನ್ನಿ. ಮುಚ್ಚುವುದಕ್ಕೆ ಗಾಳಿಯಾಡುವ ಬಟ್ಟೆಯ ಕವರ್ ಬೇಕು. ಪ್ಲಾಸ್ಟಿಕ್ ಟಾರ್ಪಾಲು ಖಂಡಿತ ಬೇಡ. ಅದರ ಕೆಳಗೆ ತೇವ ಸಿಕ್ಕಿಕೊಂಡು ಬಣ್ಣ ಹಾಳಾಗುತ್ತದೆ.

ಇಲಿಗಳಿಗೆ ನಿಂತ ಕಾರು ಅಂದರೆ ಪ್ರಾಣ. ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡು ಕಟ್ಟುತ್ತವೆ, ವೈರ್ ಕಡಿಯುತ್ತವೆ. ಒಳಗೆ ತಿಂಡಿಯ ಚೂರೂ ಇರಬಾರದು. ಸೈಲೆನ್ಸರ್ ಬಾಯಿಗೂ ಗಾಳಿ ಎಳೆಯುವ ಕೊಳವೆಗೂ ಬಟ್ಟೆ ತುರುಕಿ. ತುರುಕಿದ್ದು ಎಲ್ಲೆಲ್ಲಿ ಅಂತ ಚೀಟಿ ಬರೆದು ಸ್ಟೀರಿಂಗಿಗೆ ಅಂಟಿಸಿ.

ಎಲೆಕ್ಟ್ರಿಕ್ ಕಾರಿನವರಿಗೆ ಆಯಿಲ್, ಪೆಟ್ರೋಲಿನ ತೊಂದರೆ ಇಲ್ಲ. ದೊಡ್ಡ ಬ್ಯಾಟರಿಯನ್ನು ಶೇಕಡ 50ರ ಆಸುಪಾಸಿನಲ್ಲಿ ಇಟ್ಟು ನಿಲ್ಲಿಸಿ. ಅದರಲ್ಲೂ 12 ವೋಲ್ಟಿನ ಚಿಕ್ಕ ಬ್ಯಾಟರಿ ಇದೆ, ಮರೆಯಬೇಡಿ. ಅದಕ್ಕೆ ಏನು ಮಾಡಬೇಕು ಅಂತ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ, ಓದಿ.

ಇಷ್ಟೆಲ್ಲ ಮಾಡಿ ಬಾಗಿಲು ಹಾಕಿದ ಮೇಲೆ ಒಂದು ಭಾನುವಾರ ನಿಮ್ಮ ಕೈ ತುರಿಸುತ್ತದೆ, ನನಗೆ ಗೊತ್ತು. ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಅನ್ನಿಸುತ್ತದೆ. ಮಾಡಬೇಡಿ. ರಸ್ತೆ ಒಣಗಿದೆಯಾ, ಅರ್ಧ ಗಂಟೆ ಪುರುಸೊತ್ತು ಇದೆಯಾ? ಹಾಗಿದ್ದರೆ ತುರುಕಿದ ಬಟ್ಟೆ ತೆಗೆದು, ಬ್ಯಾಟರಿ ಜೋಡಿಸಿ, ಆರಾಮಾಗಿ ಓಡಿಸಿಕೊಂಡು ಬನ್ನಿ. ಮೀಟರಿನ ಮುಳ್ಳು ಮಧ್ಯಕ್ಕೆ ಬಂದ ತಕ್ಷಣ ತಿರುಗಿ ಬರಬೇಡಿ. ಆ ಮುಳ್ಳು ತೋರಿಸುವುದು ಕೂಲೆಂಟಿನ ಬಿಸಿ. ಆಯಿಲ್ ಬಿಸಿಯಾಗುವುದು ಅದಕ್ಕಿಂತ ತಡ.

ಚಳಿ ಮುಗಿದು ಕಾರು ತೆಗೆಯುವ ದಿನ ಮೊದಲು ಆ ಚೀಟಿ ಓದಿ, ಬಟ್ಟೆಗಳನ್ನೆಲ್ಲ ತೆಗೆಯಿರಿ. ಬಾನೆಟ್ ಎತ್ತಿ ವೈರ್ ನೋಡಿ. ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ. ಟೈರಿನ ಗಾಳಿ ಮಾಮೂಲಿಗೆ ಇಳಿಸಿ. ಕಾರನ್ನು ಶೆಡ್ಡಿನಿಂದ ಹೊರಗೆ ತಳ್ಳಿ ನಿಲ್ಲಿಸಿ, ಆಮೇಲೆ ಸ್ಟಾರ್ಟ್ ಮಾಡಿದರೆ ಇನ್ನೂ ಒಳ್ಳೆಯದು. ಮೊದಲ ಸ್ವಲ್ಪ ದೂರ ನಿಧಾನ ಹೋಗಿ, ಖಾಲಿ ಜಾಗದಲ್ಲಿ ಬ್ರೇಕ್ ಒತ್ತಿ ನೋಡಿ. ಡಿಸ್ಕಿನ ಮೇಲೆ ಕೂತ ತೆಳು ತುಕ್ಕು ಕೆರೆಯುವ ಸದ್ದು ಬರುತ್ತದೆ, ಹತ್ತಾರು ಸಲ ಒತ್ತುವುದರಲ್ಲಿ ಹೋಗುತ್ತದೆ. ಹೋಗದಿದ್ದರೆ, ಅಥವಾ ಪೆಡಲ್ ಮೆತ್ತಗೆ ಅನ್ನಿಸಿದರೆ, ಮುಂದೆ ಓಡಿಸದೆ ಮೆಕ್ಯಾನಿಕ್ಕಿಗೆ ತೋರಿಸಿ.

ನಮಸ್ಕಾರ.