ನಿಮ್ಮ ಮನೆಯ ನೀರು ಯಾವ ಮೀನನ್ನು ಬೇಡುತ್ತದೆ?

ಕೇಳುಗರಿಗೆ ನಮಸ್ಕಾರ.

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಆರು ಅಡಿ ಉದ್ದದ ಮೀನಿನ ತೊಟ್ಟಿಯೊಂದಿದೆ. ಬಂದವರೆಲ್ಲ ಅದರ ಮುಂದೆ ನಿಂತು ಕೇಳುವುದು ಒಂದೇ ಮಾತು: "ಇಷ್ಟು ಮೀನು ಒಟ್ಟಿಗೆ ಬಿಟ್ಟಿದ್ದೀರಿ, ಕಚ್ಚಾಡುವುದಿಲ್ಲವೇ?" ಕಚ್ಚಾಡುತ್ತವೆ. ಕಚ್ಚಾಡಿದರೂ ಯಾವುದೂ ಸಾಯದಂತೆ ಆರಿಸಿ ತರುವುದನ್ನು ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷದಲ್ಲಿ ಸತ್ತ ಮೀನುಗಳ ಲೆಕ್ಕವನ್ನು ಇಲ್ಲಿ ಹೇಳುವುದಿಲ್ಲ.

ಮೊದಲ ಸಲ ಅಂಗಡಿಗೆ ಹೋದಾಗ ಬಣ್ಣ ನೋಡಿ ಮರುಳಾದೆ. ಎರಡು ಇಂಚಿನ ಒಂದು ಆಸ್ಕರ್, ಎರಡು ಏಂಜೆಲ್, ನಿಂಬೆಹಣ್ಣಿನ ಬಣ್ಣದ ಮೂರು ಆಫ್ರಿಕಾದ ಮೀನು, ಕಪ್ಪು ಪಟ್ಟೆಯ ಒಂದು ಜೋಡಿ ಕಾನ್ವಿಕ್ಟ್. "ಎಲ್ಲವೂ ಸಿಕ್ಲಿಡ್ ಸರ್, ಒಂದೇ ಕುಲ. ಹೊಂದಿಕೊಂಡು ಇರುತ್ತವೆ" ಎಂದರು ಅಂಗಡಿಯವರು. ನಂಬಿದೆ. ಎಂಟು ತಿಂಗಳಲ್ಲಿ ಆಸ್ಕರ್ ಒಂದು ಗೇಣು ಬೆಳೆಯಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಏಂಜೆಲ್ ಒಂದೇ ಇತ್ತು. ಇನ್ನೊಂದನ್ನು ನಾನು ತೊಟ್ಟಿಯ ಹಿಂದೆಯೂ, ನೆಲದ ಮೇಲೂ ಹುಡುಕಿದೆ. ಆಸ್ಕರ್ ಮಾತ್ರ ಹೊಟ್ಟೆ ಉಬ್ಬಿಸಿಕೊಂಡು ಆರಾಮವಾಗಿ ನಿಂತಿತ್ತು.

ಅಷ್ಟರಲ್ಲಿ ಕಾನ್ವಿಕ್ಟ್ ಜೋಡಿ ಮೂಲೆಯಲ್ಲಿದ್ದ ಒಡೆದ ಹೂಕುಂಡದೊಳಗೆ ಮೊಟ್ಟೆ ಇಟ್ಟಿತು. ಹೆಣ್ಣಿನ ಹೊಟ್ಟೆಯ ಮೇಲೆ ಕಿತ್ತಳೆ ಛಾಯೆ ಇರುತ್ತದೆ, ಅದರಿಂದಲೇ ಅದನ್ನು ಗುರುತಿಸುವುದು. ಅದು ಕುಂಡದ ಬಾಯಿಗೆ ಅಡ್ಡ ನಿಂತು ರೆಕ್ಕೆಯಿಂದ ಮೊಟ್ಟೆಗಳಿಗೆ ಗಾಳಿ ಬೀಸಿದಂತೆ ನೀರು ಬೀಸುತ್ತಿತ್ತು. ಗಂಡು ಒಂದು ಗೆರೆ ಎಳೆದಂತೆ ಅರ್ಧ ತೊಟ್ಟಿಯನ್ನು ತನ್ನದೆಂದು ಮಾಡಿಕೊಂಡಿತು. ತನಗಿಂತ ಮೂರು ಪಟ್ಟು ದೊಡ್ಡದಾದ ಆಸ್ಕರ್ ಆ ಗೆರೆ ದಾಟಿದರೆ ಸಾಕು, ಬಾಲಕ್ಕೆ ಬಾಯಿ ಹಾಕುತ್ತಿತ್ತು. ಉಳಿದ ಮೀನುಗಳೆಲ್ಲ ಎದುರು ಮೂಲೆಯಲ್ಲಿ, ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ನಿಂತಿದ್ದವು. ಮೀನುಗಳು ಹಾಗೆ ಮೂಲೆ ಹಿಡಿದು ನಿಂತರೆ ನಾಳೆಗೆ ಕಾಯಬೇಡಿ, ಅಂದೇ ಬೇರೆ ಮಾಡಿ.

ಒಂದೇ ಕುಲ ಎಂದ ಅಂಗಡಿಯವರ ಮಾತು ಸುಳ್ಳಲ್ಲ. ಆದರೆ ಆ ಕುಲ ಬಹಳ ದೊಡ್ಡದು. ವಿಜ್ಞಾನಿಗಳು ಹೆಸರಿಟ್ಟಿರುವ ಸಿಕ್ಲಿಡ್ ಪ್ರಭೇದಗಳೇ 1,700ಕ್ಕಿಂತ ಹೆಚ್ಚು. ಆಫ್ರಿಕಾ, ಮಡಗಾಸ್ಕರ್, ಮಧ್ಯ ಮತ್ತು ದಕ್ಷಿಣ ಅಮೆರಿಕ, ಜೊತೆಗೆ ನಮ್ಮ ದಕ್ಷಿಣ ಭಾರತ ಹಾಗೂ ಶ್ರೀಲಂಕಾ ಇವುಗಳ ತವರು. ಭಾರತದ ಮೂಲನಿವಾಸಿ ಸಿಕ್ಲಿಡ್‌ಗಳು ಮೂರೇ ಮೂರು. ಕೇರಳದವರು ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ಕರಿಮೀನು ಅದರಲ್ಲೊಂದು. ಇನ್ನೊಂದು ಹೆಚ್ಚಾಗಿ ದಕ್ಷಿಣ ಕನ್ನಡದ ನದಿಗಳಲ್ಲಿ ಸಿಗುವ, ಹೆಸರಿನಲ್ಲೇ ಕೆನರಾವನ್ನು ಇಟ್ಟುಕೊಂಡಿರುವ ಎಟ್ರೊಪ್ಲಸ್ ಕೆನರೆನ್ಸಿಸ್. ನಮ್ಮ ಕಡೆಯ ಕೆರೆಗಳಲ್ಲಿ ಬಲೆಗೆ ಬೀಳುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ ಕೂಡ ಸಿಕ್ಲಿಡ್ಡೇ. ಆದರೆ ಅದು ಇಲ್ಲಿಯದಲ್ಲ. ಆಫ್ರಿಕಾದ ಆ ಮೀನನ್ನು 1952ರಲ್ಲಿ ಭಾರತಕ್ಕೆ ತಂದರು, ಈಗ ಅದು ಇಲ್ಲದ ಕೆರೆ ಹುಡುಕುವುದೇ ಕಷ್ಟ. ಸಾಕಿ ಬೇಸರವಾದ ಮೀನನ್ನು ಉಣಕಲ್ ಕೆರೆಗೋ ಕೆಲಗೇರಿ ಕೆರೆಗೋ ಬಿಡಲು ಹೊರಡುವವರು ಈ ಜಿಲೇಬಿಯನ್ನು ಒಮ್ಮೆ ನೆನೆಯಬೇಕು.

ಹಾಗಾದರೆ ಆರಿಸುವುದು ಹೇಗೆ? ಮೀನಿನಂಗಡಿಗೆ ಹೋಗುವ ಮೊದಲು ನಿಮ್ಮ ಅಡುಗೆ ಮನೆಗೆ ಹೋಗಿ. ತೊಗರಿಬೇಳೆ ಬೇಗ ಬೇಯುತ್ತದೆಯೋ ಇಲ್ಲವೋ ಕೇಳಿ. ಬಚ್ಚಲಿನ ಹಂಡೆಯೊಳಗೆ ಕೈಯಾಡಿಸಿ, ಬಿಳಿ ಪೊರೆ ಕಟ್ಟಿದೆಯೇ ನೋಡಿ. ಬೇಳೆ ಬೇಯದೆ, ಸೋಪು ನೊರೆ ಬಿಡದೆ, ಹಂಡೆಗೆ ಪೊರೆ ಕಟ್ಟಿದರೆ ನಿಮ್ಮದು ನಾವು ಸವಳು ಎನ್ನುವ ನೀರು. ಪಠ್ಯಪುಸ್ತಕದ ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಹುಬ್ಬಳ್ಳಿ, ಗದಗ ಕಡೆಯ ಎಷ್ಟೋ ಕೊಳವೆಬಾವಿಗಳ ನೀರು ಇಂಥದ್ದು. ಮಲಪ್ರಭೆಯಿಂದ ನಳಕ್ಕೆ ಬರುವ ನೀರು ಅದಕ್ಕಿಂತ ಮೆದು. ಸಂದೇಹವಿದ್ದರೆ ಗಡಸುತನವನ್ನೂ, ನೀರು ಹುಳಿಯೋ ಕ್ಷಾರವೋ ಎಂದು ತಿಳಿಸುವ ಪಿಎಚ್‌ಅನ್ನೂ ಅಳೆಯುವ ಪಟ್ಟಿಗಳು ಅಂಗಡಿಯಲ್ಲೇ ಸಿಗುತ್ತವೆ. ನೀರು ಯಾವುದೆಂದು ತಿಳಿದರೆ ಅರ್ಧ ಆಯ್ಕೆ ಮುಗಿಯಿತು. ನೀರಿಗೆ ತಕ್ಕ ಮೀನು ತರುವುದು ಸುಲಭ. ಮೀನಿಗೆ ತಕ್ಕ ನೀರು ವಾರವಾರವೂ ತಯಾರಿಸುವುದು ಪುಡಿ, ದ್ರಾವಣಗಳಿಗೆ ಹಣ ಸುರಿಯುವ ಕೆಲಸ.

ಸವಳು ನೀರಿನವರು ಬೇಸರ ಪಡಬೇಕಾಗಿಲ್ಲ, ನಿಮ್ಮದೇ ಚಂದದ ತೊಟ್ಟಿ. ಆಫ್ರಿಕಾದ ಮಲಾವಿ ಸರೋವರದ ನೀರು ಗಡಸು, ಅದರ ಪಿಎಚ್ ಸುಮಾರು ಎಂಟು, ಅಂದರೆ ತುಸು ಕ್ಷಾರ. ಅಲ್ಲಿಯ ಬಂಡೆಗಳ ನಡುವೆ ಬದುಕುವ ಮೀನುಗಳಿಗೆ ಎಂಬುನಾ ಎಂದು ಹೆಸರು. ಹಳದಿ, ನೀಲಿ, ನೇರಳೆ; ಸಮುದ್ರದ ಮೀನೇ ಎಂದು ಜನ ಮೋಸ ಹೋಗುವಷ್ಟು ಬಣ್ಣ. ಇವು ಜಗಳಗಂಟಿಗಳು. ವಿಚಿತ್ರವೆಂದರೆ ಕಡಿಮೆ ಮೀನು ಬಿಟ್ಟಷ್ಟೂ ಜಗಳ ಹೆಚ್ಚು, ಒಂದು ಬಲಿಷ್ಠ ಗಂಡು ಒಂದೇ ಮೀನಿನ ಬೆನ್ನು ಹತ್ತಿ ಕೊಲ್ಲುತ್ತದೆ. ಇಪ್ಪತ್ತು ಮೀನು ಇದ್ದರೆ ಯಾರನ್ನು ಅಟ್ಟುವುದೆಂದು ಅದಕ್ಕೇ ತೋಚುವುದಿಲ್ಲ, ಪೆಟ್ಟು ಎಲ್ಲರಿಗೂ ಹಂಚಿಹೋಗುತ್ತದೆ. ಆರು ಅಡಿಯ ತೊಟ್ಟಿಗೆ ನಾನು ಹಳದಿ ಲ್ಯಾಬಿಡೊಕ್ರೊಮಿಸ್ ಎಂಟು, ಹಳದಿ ಬಾಲದ ಅಸೈ ಏಳು, ತುಕ್ಕಿನ ಬಣ್ಣದ ರಸ್ಟಿ ಆರು ಬಿಟ್ಟಿದ್ದೇನೆ. ಎಂಬುನಾಗಳಲ್ಲಿ ಈ ಮೂರೂ ಸಾಧು. ಒಂದು ಗಂಡಿಗೆ ಮೂರು ಹೆಣ್ಣಾದರೂ ಇರಲಿ. ಒಂದೇ ಬಣ್ಣದ, ಒಂದೇ ಆಕಾರದ ಎರಡು ಬಗೆಯನ್ನು ಸೇರಿಸಬೇಡಿ: ಎದುರಾಳಿ ಎಂದು ಬಡಿದಾಡುತ್ತವೆ, ಇಲ್ಲವೇ ಬೆರಕೆ ಮರಿ ಹಾಕುತ್ತವೆ. ಹಳದಿ ಕಪ್ಪು ಪಟ್ಟೆಯ ಅರಾಟಸ್ ಮರಿಯನ್ನು ಅಂಗಡಿಯಲ್ಲಿ ನೋಡಿದರೆ ಯಾರಿಗೂ ಆಸೆಯಾಗುತ್ತದೆ. ತರಬೇಡಿ. ಅದು ರೌಡಿ.

ಇವುಗಳಿಗೆ ಕಲ್ಲಿನ ಗವಿಗಳು ಬೇಕು. ಹಳೆಯ ಮನೆ ಕೆಡವಿದಾಗ ಬರುವ ಶಹಾಬಾದ್ ಕಲ್ಲಿನ ತುಂಡುಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಗೊತ್ತಿಲ್ಲ. ಅದು ಸುಣ್ಣದ ಕಲ್ಲು, ನೀರಿನ ಗಡಸುತನವನ್ನು ಉಳಿಸುತ್ತದೆ. ಅಂಚುಗಳನ್ನು ಉಜ್ಜಿ ನಯ ಮಾಡಿ, ಮೊದಲು ಕಲ್ಲು ನಿಲ್ಲಿಸಿ ಆಮೇಲೆ ಮರಳು ಸುರಿಯಿರಿ. ಮರಳಿನ ಮೇಲೆ ಕಲ್ಲಿಟ್ಟರೆ ಮೀನುಗಳು ಅಡಿಯಿಂದ ಅಗೆದು ಉರುಳಿಸುತ್ತವೆ. ಊಟದಲ್ಲಿಯೂ ಎಚ್ಚರ ಬೇಕು. ಎಂಬುನಾಗಳು ಹೆಚ್ಚಾಗಿ ಬಂಡೆಯ ಪಾಚಿ ಕೆರೆದು ತಿನ್ನುವವು. ಪ್ರೀತಿಯಿಂದ ಮಾಂಸ, ರಕ್ತಹುಳು ಹಾಕುತ್ತಾ ಹೋದರೆ ಹೊಟ್ಟೆ ಉಬ್ಬಿ ಸಾಯುತ್ತವೆ. ಸ್ಪಿರುಲಿನಾ ಎಂಬ ಪಾಚಿಯ ಕಾಳು, ಬಿಸಿನೀರಿನಲ್ಲಿ ಅದ್ದಿ ತೆಗೆದ ಪಾಲಕ್ ಸೊಪ್ಪು ಸಾಕು.

ನಳದ ಮೆದು ನೀರೇ ಇರುವವರಿಗೆ ದಕ್ಷಿಣ ಅಮೆರಿಕದ ಮೀನು. ಒಂದು ಜೋಡಿ ಸೆವೆರಮ್, ಐದಾರು ಜಿಯೋಫಾಗಸ್, ಮೇಲ್ಭಾಗದಲ್ಲಿ ಗುಂಪಾಗಿ ಓಡಾಡಲು ಒಂದಿಷ್ಟು ಸಿಲ್ವರ್ ಡಾಲರ್. ಜಿಯೋಫಾಗಸ್ ಎಂದರೆ ಮಣ್ಣು ತಿನ್ನುವುದು ಎಂದರ್ಥ. ಬಾಯಿ ತುಂಬ ಮರಳು ತುಂಬಿಕೊಂಡು, ಆಹಾರ ಸೋಸಿಕೊಂಡು, ಉಳಿದದ್ದನ್ನು ಕಿವಿರಿನಿಂದ ಹೊರಗೆ ಸುರಿಸುತ್ತದೆ. ನಮ್ಮ ಅಜ್ಜಿಯರು ಮೊರದಲ್ಲಿ ಜೋಳ ಹಸನು ಮಾಡಿದ ಹಾಗೆ. ಆದ್ದರಿಂದ ಜಲ್ಲಿಕಲ್ಲು ಬೇಡ, ನುಣ್ಣನೆಯ ಮರಳೇ ಬೇಕು. ಏಂಜೆಲನ್ನು ಇದರಲ್ಲಿ ಸೇರಿಸುವವರಿದ್ದಾರೆ. ನಾನು ಸೇರಿಸುವುದಿಲ್ಲ, ಆ ಉದ್ದ ರೆಕ್ಕೆಗಳನ್ನು ನೋಡಿದರೆ ಯಾರಿಗಾದರೂ ಎಳೆದು ನೋಡಬೇಕೆನಿಸುತ್ತದೆ. ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಬಿಸಿ ಬೇಕು, ಅದಕ್ಕೆ ಬೇರೆ ತೊಟ್ಟಿಯೇ ಸರಿ. ಆಸ್ಕರ್ ಒಂದು ಅಡಿ ಬೆಳೆಯುತ್ತದೆ, ಬಾಯಿಗೆ ಹಿಡಿಸಿದ್ದೆಲ್ಲ ಅದಕ್ಕೆ ಊಟ. ಜ್ಯಾಕ್ ಡೆಂಪ್ಸಿ ಎಂಬ ಮೀನಿಗೆ ಅಮೆರಿಕದ ಬಾಕ್ಸಿಂಗ್ ಚಾಂಪಿಯನ್ ಒಬ್ಬನ ಹೆಸರಿಟ್ಟಿದ್ದಾರೆ ಎಂದರೆ ನೀವೇ ತಿಳಿದುಕೊಳ್ಳಿ. ವಾಸ್ತುವಿಗೆಂದು ತರುವ, ಹಣೆ ಉಬ್ಬಿದ ಫ್ಲವರ್‌ಹಾರ್ನ್ ಒಂಟಿಯಾಗಿಯೇ ಇರಲಿ.

ತೊಟ್ಟಿ ಇಡುವ ಜಾಗದ ಬಗ್ಗೆ ಒಂದು ಮಾತು. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರವೆಂದರೆ ಸುಮಾರು 680 ಲೀಟರ್ ನೀರು. ನೀರೇ 680 ಕಿಲೋ. ಗಾಜು, ಕಲ್ಲು, ಮರಳು, ಕಬ್ಬಿಣದ ಸ್ಟ್ಯಾಂಡ್ ಬೇರೆ. ಹಳೆಯ ಮಾಳಿಗೆ ಮನೆಯವರು ಮೇಲಂತಸ್ತಿನ ಯೋಚನೆಯನ್ನೇ ಬಿಡಿ. ನೀರು ತುಂಬಿದ ದಿನವೇ ಮೀನು ಬಿಡಬೇಡಿ. ಮೀನಿನ ಹೊಲಸಿನಿಂದಾಗುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಬಿಡುವಾಗ ಸಾಧುಗಳು ಮೊದಲು, ಜೋರಿನವು ಕೊನೆಗೆ. ಹೊಸಬರನ್ನು ಸೇರಿಸುವ ದಿನ ಕಲ್ಲುಗಳನ್ನೆಲ್ಲ ಕಿತ್ತು ಬೇರೆ ಕಡೆ ಜೋಡಿಸಿ, ದೀಪ ಆರಿಸಿ. ಬೆಳಗಾಗುವ ಹೊತ್ತಿಗೆ ಹಳಬರ ಆಸ್ತಿಯೂ ಹೋಗಿರುತ್ತದೆ, ಎಲ್ಲರೂ ಹೊಸದಾಗಿ ಜಾಗ ಹುಡುಕುವುದರಲ್ಲಿ ಮುಳುಗಿರುತ್ತಾರೆ. ಡಿಸೆಂಬರಿನ ಧಾರವಾಡದ ರಾತ್ರಿಗೆ ಹೀಟರ್ ಬೇಕೇ ಬೇಕು.

ಈಗ ನನ್ನ ತೊಟ್ಟಿಯಲ್ಲಿ ಒಂದು ಹಳದಿ ಹೆಣ್ಣು ಎರಡು ವಾರದಿಂದ ಊಟ ಬಿಟ್ಟಿದೆ. ಗಂಟಲು ಉಬ್ಬಿದೆ, ಆಗಾಗ ಎಲೆಯಡಿಕೆ ಮೆಲ್ಲುವಂತೆ ದವಡೆ ಆಡಿಸುತ್ತದೆ. ಮೊಟ್ಟೆಯನ್ನು ಬಾಯಿಯಲ್ಲೇ ಇಟ್ಟು ಕಾಪಾಡುವ ಜಾತಿ ಇದು, ಬಾಯಿ ತುಂಬ ಈಗ ಅದರ ಮರಿಗಳಿವೆ. ಮೂರು ವಾರದ ಹೊತ್ತಿಗೆ ಉಗುಳುತ್ತದೆ. ಅಷ್ಟರೊಳಗೆ ಅದನ್ನು ಸಣ್ಣ ತೊಟ್ಟಿಗೆ ಸಾಗಿಸಬೇಕು. ಅದಕ್ಕೂ ಮೊದಲು ಕಾಲು ಭಾಗ ನೀರು ಬದಲಿಸುವ ವಾರದ ಕೆಲಸ ಬಾಕಿ ಇದೆ. ತೆಗೆದ ನೀರಿಗಾಗಿ ಅಂಗಳದ ಕರಿಬೇವು ಕಾಯುತ್ತಿದೆ.

ನಮಸ್ಕಾರ.