ನೀರು ಒಂದೇ ರಾತ್ರಿ ಬರಲಿಲ್ಲ

ಕತೆ ಅಚ್ಚಾಗಿ ಹತ್ತು ದಿನ ಆಗಿತ್ತು. ಮಧ್ಯಾಹ್ನ ಒಂದು ಫೋನ್ ಬಂತು. ಗೊತ್ತಿಲ್ಲದ ನಂಬರು, ವಯಸ್ಸಾದ ದನಿ. "ಶರಾವತಿ ಮುಳುಗಡೆ ಕತೆ ಬರೆದವರು ನೀವೇನಾ ಅಮ್ಮ?" ಹೌದು ಅಂದೆ. "ಅದರಲ್ಲಿ ಒಂದು ತಪ್ಪಿದೆ. ನೀರು ಒಂದೇ ರಾತ್ರಿ ಬರಲಿಲ್ಲ."

ನನ್ನ ಕತೆಯಲ್ಲಿ ಒಬ್ಬಳು ಅಜ್ಜಿ ಇದ್ದಾಳೆ. ರಾತ್ರಿ ಮಲಗಿದವಳು ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಅಂಗಳದ ತುಂಬ ನೀರು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿದದ್ದು 1964ರಲ್ಲಿ. ನಾನು ಹುಟ್ಟಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಹಿರಿಯರು ಹೇಳಿದ್ದನ್ನ ಕೇಳಿ, ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣೋ ಹಳೇ ಹಿರೇಭಾಸ್ಕರ ಅಣೆಕಟ್ಟಿನ ಹತ್ತಿರ ಹೋಗಿ ನಿಂತು, ಅಷ್ಟರ ಮೇಲೆ ಬರೆದ ಕತೆ ಅದು. ನೀರು ರಾತ್ರೋರಾತ್ರಿ ಬಂದರೆ ಓದುವವರ ಎದೆ ಝಲ್ ಅನ್ನುತ್ತೆ ಅಂತ ಹಾಗೆ ಬರೆದಿದ್ದೆ.

ಅವರು ಹೇಳಿದರು: "ಆಗ ನನಗೆ ಒಂಬತ್ತು ವರ್ಷ. ಮಳೆಗಾಲ ಪೂರ್ತಿ ನೀರು ಏರ್ತಾನೇ ಇತ್ತು. ಒಂದು ದಿನ ತೋಟದ ಕೆಳಗಿನ ಸಾಲು. ಇನ್ನೊಂದು ವಾರಕ್ಕೆ ಬಾವಿಕಟ್ಟೆ. ಅಪ್ಪ ದಿನಾ ಬೆಳಗ್ಗೆ ಹೋಗಿ ನೀರಿನ ಅಂಚಿಗೆ ಒಂದು ಕೋಲು ನೆಟ್ಟು ಬರ್ತಿದ್ದರು. ಮರುದಿನ ಹೋದರೆ ಕೋಲು ಕಾಣ್ತಿರಲಿಲ್ಲ."

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆ ಕೋಲು ನನ್ನ ಇಡೀ ಕತೆಗಿಂತ ದೊಡ್ಡದಾಗಿತ್ತು. ಫೋನ್ ಇಡೋ ಮೊದಲು ಅವರು ಇನ್ನೊಂದು ಮಾತು ಹೇಳಿದರು: "ಆದರೆ ಅಜ್ಜಿ ಒರಳುಕಲ್ಲು ಬಿಟ್ಟು ಹೋಗೋಕೆ ಆಗದೆ ಅದರ ಮೇಲೇ ಕೂತುಬಿಡ್ತಾಳಲ್ಲ, ಅದು ಸರಿ ಇದೆ. ನಮ್ಮಮ್ಮನೂ ಕೂತಿದ್ದರು."

ಒರಳುಕಲ್ಲಿನ ವಿಷಯ ಯಾರೂ ನನಗೆ ಹೇಳಿದ್ದಲ್ಲ. ಅದು ನನ್ನ ಕಲ್ಪನೆ. ಕೇಳಿ ತಿಳಿಯಬಹುದಾಗಿದ್ದ ಕಡೆ ಎಡವಿದ್ದೆ, ಕಟ್ಟಿದ್ದು ಅಂದುಕೊಂಡಿದ್ದ ಕಡೆ ಒಬ್ಬರ ತಾಯಿ ನಿಜವಾಗಿ ಕೂತಿದ್ದರು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಖುಷಿಯೂ ಇತ್ತು, ಭಯವೂ ಇತ್ತು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ಕತೆ ಓದಿದವರು ಸಾಮಾನ್ಯವಾಗಿ "ತುಂಬಾ ಚೆನ್ನಾಗಿದೆ" ಅಂತಾರೆ. ವಾಟ್ಸ್ಆ್ಯಪ್‌ನಲ್ಲಿ ಕೈ ಮುಗಿಯೋ ಚಿತ್ರ ಕಳಿಸ್ತಾರೆ. ಪ್ರೀತಿಯಿಂದಲೇ ಕಳಿಸ್ತಾರೆ, ನನಗೆ ಅದು ಗೊತ್ತು. ಆದರೆ ಆರು ತಿಂಗಳು ಒಂದು ಕತೆಯ ಜೊತೆ ಒಬ್ಬಳೇ ಇದ್ದು ಬಂದವಳಿಗೆ ಅದರಿಂದ ಹೊಟ್ಟೆ ತುಂಬೋದಿಲ್ಲ. ನೀವು ಎಲ್ಲಿ ಓದು ನಿಲ್ಲಿಸಿದಿರಿ? ಯಾರ ಮೇಲೆ ಸಿಟ್ಟು ಬಂತು? ಯಾವ ಮಾತು ಸುಳ್ಳು ಅನ್ನಿಸಿತು? ನನಗೆ ಬೇಕಾಗಿರೋದು ಅದು.

ಹಳೇ ಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನ ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಹಿಂದೆ ಕೊಂಡವರ ಮನೆ ಬಾಗಿಲಿಗೆ ಮತ್ತೆ ಹೋಗಿ ನಿಂತಾಗ ಏನೇನು ಕೇಳಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೀನಿ. ಓದಿದವರ ಮುಖವನ್ನೇ ನೋಡೋ ಆ ಭಾಗ್ಯದ ಬಗ್ಗೆ ನನಗೆ ಹೊಟ್ಟೆಕಿಚ್ಚಿದೆ.

ಸಿಟ್ಟಿನ ವಿಷಯಕ್ಕೆ ಬರ್ತೀನಿ. ಎಲ್ಲ ಸಿಟ್ಟೂ ಓದಿನಿಂದ ಹುಟ್ಟಿದ್ದಲ್ಲ. ತಮಿಳಿನ ಪೆರುಮಾಳ್ ಮುರುಗನ್ ಅವರ ಕಾದಂಬರಿಯೊಂದು ಬಂದಿದ್ದು 2010ರಲ್ಲಿ. ಗಲಾಟೆ ಎದ್ದಿದ್ದು ನಾಲ್ಕು ವರ್ಷದ ಮೇಲೆ, ತಿರುಚೆಂಗೋಡಿನಲ್ಲಿ. ಕೆಲವು ಪುಟಗಳನ್ನ ಮಾತ್ರ ಜೆರಾಕ್ಸ್ ಮಾಡಿ ಊರಲ್ಲಿ ಹಂಚಿದ್ದರು. 2015ರ ಜನವರಿಯಲ್ಲಿ ಅವರು, ಬರಹಗಾರ ಪೆರುಮಾಳ್ ಮುರುಗನ್ ಸತ್ತಿದ್ದಾನೆ ಅಂತ ತಾವೇ ಘೋಷಿಸಿದರು. ಮುಂದಿನ ವರ್ಷ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಅವರ ಪರ ನಿಂತಿತು, ಅವರು ಮತ್ತೆ ಬರೆದರು. ಆದರೂ ಆ ಜೆರಾಕ್ಸ್ ಹಾಳೆಗಳು ನನ್ನ ತಲೆಯಿಂದ ಹೋಗೋದಿಲ್ಲ. ಕತೆಯ ಒಳಗೇ ಬಾರದವರು ಹೊರಗೆ ನಿಂತು ಕಲ್ಲು ಹೊಡೆದರೆ ಅದನ್ನ ನಾನು ಓದುಗರ ಪ್ರತಿಕ್ರಿಯೆ ಅಂತ ಕರೆಯೋದಿಲ್ಲ.

ನನ್ನ ದೊಡ್ಡಮ್ಮನ ಸಿಟ್ಟು ಅಂಥದ್ದಲ್ಲ. ಅವರು ಇಡೀ ಕತೆ ಓದಿದ್ದರು, ಮೂರು ಸಲ.

ನಮ್ಮ ಕಡೆ ಅಡಿಕೆ ಸುಲಿಯೋ ದಿನಗಳಲ್ಲಿ ರಾತ್ರಿ ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತಿರ್ತಾರೆ. ಕೈ ತನ್ನಷ್ಟಕ್ಕೆ ಸುಲೀತಾ ಇರುತ್ತೆ, ಬಾಯಿ ಮಾತಾಡ್ತಾ ಇರುತ್ತೆ. ಅಂಥ ಒಂದು ರಾತ್ರಿ, ಉಳಿದವರೆಲ್ಲ ಎದ್ದು ಹೋದ ಮೇಲೆ, ದೊಡ್ಡಮ್ಮ ನನಗೊಂದು ಸಂಗತಿ ಹೇಳಿದ್ದರು. ಮದುವೆಯಾದ ಹೊಸದರಲ್ಲಿ ತಮ್ಮನ ಓದಿಗೆ ದುಡ್ಡು ಬೇಕಾಗಿ, ಗಂಡನ ಮನೇಲಿ ಯಾರಿಗೂ ತಿಳಿಸದೆ ಒಂದು ಬಳೆ ಅಡ ಇಟ್ಟಿದ್ದು. ಇನ್ನೊಂದನ್ನ ಅಕ್ಕಿ ಡಬ್ಬದ ತಳದಲ್ಲಿ ಬಚ್ಚಿಟ್ಟಿದ್ದು. ಒಂಟಿ ಬಳೆ ಕೈಲಿದ್ದರೆ ಕೇಳ್ತಾರಲ್ಲ.

ಹನ್ನೆರಡು ವರ್ಷದ ನಂತರ ನಾನದನ್ನ ಕತೆ ಮಾಡಿದೆ. ಊರು ಬದಲಾಯಿಸಿದೆ. ಬಳೆಯನ್ನ ಓಲೆ ಮಾಡಿದೆ. ತಮ್ಮನ ಬದಲು ತಂಗಿಯನ್ನ ತಂದೆ. ಆದರೆ ಅಕ್ಕಿ ಡಬ್ಬವನ್ನ ಬಿಡೋಕೆ ನನ್ನಿಂದ ಆಗಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ದೊಡ್ಡಮ್ಮ ಊಟ ಬಡಿಸಿದರು, ಬೇರೇನೂ ಮಾತಾಡಲಿಲ್ಲ. ಸಂಜೆ ಹಿತ್ತಲಲ್ಲಿ ಇಬ್ಬರೇ ಇದ್ದಾಗ ಹೇಳಿದರು: "ನಾ ನಿನ್ನ ಹತ್ರ ಹೇಳಿದ್ದು ಕೂಸೇ. ಊರಿಗೆ ಹೇಳಿದ್ದಲ್ಲ."

ಪ್ರಕಟವಾದ ಮೇಲೆ ಕತೆ ಓದುಗರದ್ದು ಅಂತ ನಾವು ಬರೆಯೋರು ವೇದಿಕೆ ಮೇಲೆ ಹೇಳ್ತೀವಿ. ನಾನೂ ಹೇಳಿದ್ದೀನಿ. ಈಗ ಆ ಮಾತು ನನ್ನ ಬಾಯಲ್ಲಿ ಬರೋದಿಲ್ಲ. ಆ ಡಬ್ಬ ಓದುಗರದ್ದೂ ಅಲ್ಲ, ನನ್ನದೂ ಅಲ್ಲ. ಅದು ನಲವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ಒಬ್ಬ ಹೆಂಗಸಿನದು. ಅವರನ್ನ ಒಂದು ಮಾತು ಕೇಳದೆ ತೆಗೆದುಕೊಂಡೆ. ಕತೆಗೆ ಮೆಚ್ಚುಗೆ ಬಂತು, ಎಷ್ಟೋ ಹೆಣ್ಣುಮಕ್ಕಳು ಓದಿ ಅತ್ತುಬಿಟ್ಟೆ ಅಂತ ಹೇಳಿದರು. ಆದರೂ ನಾನು ಮಾಡಿದ್ದು ತಪ್ಪು.

ಆವತ್ತು ಹಿತ್ತಲಿಂದ ಒಳಗೆ ಹೋಗೋವಾಗ ದೊಡ್ಡಮ್ಮ ತಿರುಗಿ ನೋಡಿ ಇನ್ನೊಂದು ಮಾತು ಹೇಳಿದ್ದರು: "ಕೊನೇಲಿ ಅವಳು ಅಳ್ತಾಳೆ ಅಂತ ಬರ್ದಿದ್ದೀಯ. ನಾ ಅಳ್ಲಿಲ್ಲ." ಆಗ ನನಗೆ ಕೇಳಿದ್ದು ನೋವು ಮಾತ್ರ. ಈಗ ಅನ್ನಿಸುತ್ತೆ, ಫೋನ್ ಮಾಡಿದ ಆ ಹಿರಿಯರ ಕೋಲಿನ ಹಾಗೇನೇ ಅದು. ಒಳಗೆ ಬಂದು ಓದಿದವರು ಮಾತ್ರ ಹೇಳಬಲ್ಲ ಮಾತು.

ಈಗ ನನ್ನ ಸಂಕಲನ ಬರ್ತಾ ಇದೆ. ಮುಳುಗಡೆ ಕತೆಯನ್ನ ತಿದ್ದಿದ್ದೀನಿ, ನೀರು ಅದರಲ್ಲಿ ಮಳೆಗಾಲ ಪೂರ್ತಿ ಏರುತ್ತೆ. ದೊಡ್ಡಮ್ಮನ ಕತೆಯನ್ನ ಹೊರಗಿಟ್ಟಿದ್ದೆ. ಹೋದ ವಾರ ಫೋನ್ ಮಾಡಿ ಕೇಳಿದೆ: ಅಡಿಕೆ ಸುಲಿಯೋ ಹೊತ್ತಿಗೆ ಬರ್ತೀನಿ, ನೀವು ಸುಲೀತಾ ಇರಿ, ನಾನು ಪಕ್ಕದಲ್ಲಿ ಕೂತು ಆ ಕತೆ ಓದ್ತೀನಿ, ಬೇಡ ಅಂದರೆ ಅಲ್ಲಿಗೇ ಬಿಟ್ಟುಬಿಡ್ತೀನಿ ಅಂತ.

ಸ್ವಲ್ಪ ಹೊತ್ತು ಆ ಕಡೆಯಿಂದ ದನಿಯೇ ಇಲ್ಲ.

"ಬಾ. ಆ ಅಳೋದನ್ನ ತೆಗ್ದು ಓದು" ಅಂದರು.