ಥರ್ಮಾಕೋಲ್ ಮೇಲೆ ಮೋಲ್ಡ್, ಮಧ್ಯೆ ಪ್ಲಂಬರ್ ಮಾಡಿದ ತೂತು | ಡಲ್ಲಾಸ್ ಮನೆ ಕಟ್ಟೋ ವ್ಲಾಗ್

ನಮಸ್ಕಾರ ಎಲ್ಲಾರ್ಗೂ. ಸೈಟಲ್ಲಿ ಗಾಳಿ ಎಷ್ಟಿತ್ತು ಅಂದ್ರೆ ರೆಕಾರ್ಡ್ ಆಗಿರೋದ್ರಲ್ಲಿ ನನ್ನ ಮಾತೇ ಇಲ್ಲ, ಬರೀ ಭರ್ ಅಂತ ಸೌಂಡು, ಅದಕ್ಕೆ ಅದನ್ನ ಮ್ಯೂಟ್ ಮಾಡಿ ಮನೇಲಿ ಕೂತು ಮಾತಾಡ್ತಿದೀನಿ. ಹಿಂದೆ ಕುಕ್ಕರ್ ಕೂಗಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಈ ಬಿಳೀದೆಲ್ಲ ಥರ್ಮಾಕೋಲ್. ಗಣೇಶನ ಮಂಟಪ ಮಾಡ್ತೀವಲ್ಲ, ಅದೇ ಜಾತಿ, ಸ್ವಲ್ಪ ಗಟ್ಟಿ. ನಮ್ಮನೆ ಫಸ್ಟ್ ಫ್ಲೋರಿಗೂ ರೂಫಿಗೂ ಇದೇ. ಊರಲ್ಲಾದ್ರೆ ಸೆಂಟ್ರಿಂಗ್ ಶೀಟ್ ಹೊಡ್ದು ಕಂಬಿ ಕಟ್ಟಿ ಮೋಲ್ಡ್ ಹಾಕಿ ಆಮೇಲೆ ಶೀಟ್ ಬಿಚ್ತಾರೆ, ಇಲ್ಲಿ ಬಿಚ್ಚೋ ಮಾತೇ ಇಲ್ಲ, ಥರ್ಮಾಕೋಲ್ ಒಳಗೇ ಉಳ್ಕೊಳ್ಳುತ್ತೆ. ಅಲ್ಲಿ ನೋಡಿ, ನಮ್ಮನೆಯವ್ರು ಅಷ್ಟುದ್ದದ ಪ್ಯಾನೆಲ್ನ ಒಬ್ರೇ ತಲೆ ಮೇಲೆ ಹೊತ್ಕೊಂಡು ಬರ್ತಿದಾರೆ, ದೊಡ್ಡ ಪೈಲ್ವಾನ್ ಪೋಸು. ಅದ್ರಲ್ಲಿ ನೂರಕ್ಕೆ ತೊಂಬತ್ತೈದು ಭಾಗಕ್ಕಿಂತ ಹೆಚ್ಚು ಬರೀ ಗಾಳಿ ಸ್ವಾಮಿ! ಕಾಂಕ್ರೀಟ್ ಒಂದು ಕ್ಯೂಬಿಕ್ ಮೀಟರ್‌ಗೆ ಹತ್ತತ್ರ 2400 ಕೆಜಿ, ಇದು ಇಪ್ಪತ್ತು ಇಪ್ಪತ್ತೈದು ಕೆಜಿ ಇರ್ಬೋದು ಅಷ್ಟೇ.

ಉದ್ದಕ್ಕೂ ಕಾಲುವೆ ಥರ ಕಾಣ್ತಿದೆಯಲ್ಲ, ಕಂಬಿ ಇಟ್ಟಿರೋದು, ಅವೆಲ್ಲ ಬೀಮ್ ಆಗುತ್ತೆ. ಮಧ್ಯೆ ಉಬ್ಬಿರೋ ಕಡೆ ಮೇಲ್ಗಡೆ ತೆಳ್ಳಗೆ ಮೂರ್ನಾಲ್ಕು ಇಂಚು ಕಾಂಕ್ರೀಟ್ ಬರುತ್ತೆ. ಅಂದ್ರೆ ಬಲ ಬೇಕಾದ ಕಡೆ ಕಾಂಕ್ರೀಟು, ಬೇಡದ ಕಡೆ ಥರ್ಮಾಕೋಲು. ಪ್ಯಾನೆಲ್ ಒಳಗೇ ತಗಡಿನ ಪಟ್ಟಿ ಕೂರ್ಸಿರ್ತಾರೆ, ಆಮೇಲೆ ಕೆಳಗಿಂದ ಜಿಪ್ಸಮ್ ಬೋರ್ಡನ್ನ ಅದಕ್ಕೇ ಸ್ಕ್ರೂ ಮಾಡೋದು. ಬೋರ್ಡ್ ಹಾಕ್ಲೇಬೇಕು, ಥರ್ಮಾಕೋಲ್ ಹಂಗೇ ಬಿಟ್ರೆ ಬೆಂಕಿ ಬಿದ್ದಾಗ ಕಷ್ಟ ಅಂತ ಇಲ್ಲಿನ ಕೋಡಲ್ಲೇ, ಅಂದ್ರೆ ಮನೆ ಕಟ್ಟೋ ನಿಯಮದಲ್ಲೇ ಇದೆ, ಅರ್ಧ ಇಂಚಿನ ಬೋರ್ಡ್, ಇಲ್ಲಾ ಅದಕ್ಕೆ ಸಮನಾದ್ದು ಕಡ್ಡಾಯ.

ಟೆಕ್ಸಾಸಲ್ಲಿ ಎಲ್ಲಾರೂ ಮರದಲ್ಲೇ ಕಟ್ತಾರೆ, ನಿಮಗೇನು ಕಾಂಕ್ರೀಟ್ ಹುಚ್ಚು ಅಂತ ಕೇಳಿದ್ರಲ್ಲ ತುಂಬ ಜನ. 2019ರ ಅಕ್ಟೋಬರ್ 20, ಭಾನುವಾರ ರಾತ್ರಿ, ಡಲ್ಲಾಸ್ ಊರೊಳಗೇ ಟೊರ್ನೇಡೋ (ಸುಂಟರಗಾಳಿ) ಬಂದಿತ್ತು, ಇಎಫ್3, ಅಂದ್ರೆ 0ಯಿಂದ 5ರವರೆಗಿನ ಅಳತೇಲಿ 3. ಪುಣ್ಯಕ್ಕೆ ಯಾರೂ ಸಾಯ್ಲಿಲ್ಲ. ಆದ್ರೆ ಆಮೇಲೆ ಆ ಕಡೆ ಮನೆಗಳ ಸ್ಥಿತಿ ನೋಡ್ಬೇಕಿತ್ತು, ಗೋಡೆ ನಿಂತಿದೆ ಮೇಲೆ ಸೂರೇ ಇಲ್ಲ, ಒಳಗಿನ ಮಂಚ ರೋಡಿಗೆ ಕಾಣ್ತಿದೆ. ಅವತ್ತೇ ನಾನು, ಕಟ್ಟಿದ್ರೆ ನಮ್ಮೂರ ಥರ ತಾರಸಿ ಮನೆ, ಇಲ್ಲಾಂದ್ರೆ ಬಾಡಿಗೆ ಮನೇಲೇ ಇರೋಣ ಅಂದುಬಿಟ್ಟೆ.

ಮುಂದಿನ ಕ್ಲಿಪ್ ಬಂತು. ಇದೇ ನೋಡಿ, ಇವತ್ತಿನ ಕಥಾನಾಯಕ.

ಮೇಲ್ಗಡೆ ಬಾತ್‌ರೂಮಿನ ಡ್ರೈನ್ ಪೈಪು ಮೋಲ್ಡಿಗೆ ಮುಂಚೆನೇ ಕೂರ್ಸ್ಬೇಕಲ್ಲ, ಪ್ಲಂಬರ್ ಬಂದಿದ್ರು. ಇಲ್ಲಿ ಪಿವಿಸಿ ಜಾಯಿಂಟ್ ಮಾಡೋ ಮುಂಚೆ ಅಂಟು ಸರಿಯಾಗಿ ಹಿಡೀಲಿ ಅಂತ ನೇರಳೆ ಬಣ್ಣದ ಪ್ರೈಮರ್ ಅನ್ನೋ ದ್ರವ ಹಚ್ಚೋದು, ಕಟ್ಟಡ ಚೆಕ್ ಮಾಡೋ ಇನ್ಸ್‌ಪೆಕ್ಟರ್‌ಗೆ ಹಚ್ಚಿರೋದು ಕಣ್ಣಿಗೆ ಕಾಣ್ಲಿ ಅಂತ ಆ ಬಣ್ಣ. ಈ ಮಹಾನುಭಾವ ಡಬ್ಬ ಮುಚ್ಚಳ ತೆಗೆದು ಥರ್ಮಾಕೋಲ್ ಮೇಲಿಟ್ಟು ಪೈಪ್ ತರಕ್ಕೆ ತಿರುಗಿದ್ರು, ಬೂಟು ಕಂಬಿಗೆ ತಗುಲ್ತು, ಕಂಬಿ ಡಬ್ಬಕ್ಕೆ ತಗುಲ್ತು, ಅಷ್ಟೇ.

ನೀರು ಚೆಲ್ಲಿದ್ರೆ ಹರಡ್ಕೊಳ್ಳುತ್ತೆ ತಾನೆ? ಇದು ಹರಡ್ಲಿಲ್ಲ, ಇಳೀತು. ಝೂಮ್ ಮಾಡಿದೀನಿ ನೋಡಿ, ಮೇಲೆ ಕಾಣೋ ತೂತು ಅಂಗೈ ಅಗಲ, ಒಳಗೆ ಬಗ್ಗಿ ನೋಡಿದ್ರೆ ಬಿಂದಿಗೆ ಹೋಗೋಷ್ಟು ಪೊಳ್ಳು, ಅಂಚಲ್ಲೆಲ್ಲ ನೇರಳೆ ಬಣ್ಣದ ಗೋಂದು ಅಂಟ್ಕೊಂಡಿದೆ. ತಳ ಕೂಡ ಕರಗಿ ಕೆಳಗಿನ ಹಾಲ್ ನೆಲ ಕಾಣ್ತಿತ್ತು. ಪ್ರೈಮರಲ್ಲಿ ಅಸಿಟೋನ್ ಅಂಥ ಸಾಲ್ವೆಂಟ್ಸ್, ಅಂದ್ರೆ ಪ್ಲಾಸ್ಟಿಕ್ ಕರಗಿಸೋ ದ್ರವ ಇರುತ್ತೆ, ಥರ್ಮಾಕೋಲ್ ಅಂದ್ರೆ ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್ಕು, ಅದ್ರಲ್ಲಿ ಕರಗೇ ಹೋಗುತ್ತೆ, ಪೆಟ್ರೋಲ್ ಬಿದ್ರೂ ಅದೇ ಗತಿ. ಊರಲ್ಲಿ ಹುಡುಗ್ರಿಗೂ ಗೊತ್ತಿರೋ ವಿಷ್ಯ ಇದು!

ಆ ವಯ್ಯ ಏನಂದ್ರು ಗೊತ್ತಾ, "ಬರೀ ಫೋಮ್ ತಾನೆ, ಹೆಂಗೂ ಮೇಲೆ ಕಾಂಕ್ರೀಟ್ ಬರುತ್ತೆ, ತುಂಬ್ಕೊಳ್ಳುತ್ತೆ ಬಿಡಿ." ನನಗೆ ಮೈಯೆಲ್ಲ ಉರೀತು. ತುಂಬ್ಕೊಳ್ಳೋದೇ ಪ್ರಾಬ್ಲಂ ಅಲ್ವಾ? ತಳದಲ್ಲಿ ತೂತಿದ್ರೆ ಕಾಂಕ್ರೀಟ್ ಹಾಲು ಕೆಳಗೆ ಸೋರುತ್ತೆ, ಸೋರದಂಗೆ ಏನೋ ಅಡ್ಡ ಕೊಟ್ರೂ ಅಲ್ಲೊಂದು ಗುಡ್ಡೆ ಕಾಂಕ್ರೀಟ್ ಕೂರುತ್ತೆ, ಲೆಕ್ಕಕ್ಕಿಲ್ದಿರೋ ಭಾರ, ಜೊತೆಗೆ ಬಿಸಿಲು ಚಳಿ ಎರಡಕ್ಕೂ ನೇರ ದಾರಿ. ಇನ್ನು ಪ್ಯಾನೆಲ್ ಕೊಟ್ಟೋರಿಗೆ ಫೋನ್ ಮಾಡಿದ್ರೆ, ಒಂದು ಪೀಸ್ ಕೊಡಲ್ಲ ಇಡೀ ಬಂಡಲ್ ತಗೋಬೇಕು, ಡೆಲಿವರಿ ಚಾರ್ಜ್ ಬೇರೆ ಅಂತ. ಹೇಳಿದ ರೇಟ್ನ ತಕ್ಷಣ ಮನಸಲ್ಲೇ ರೂಪಾಯಿಗೆ ಗುಣಿಸ್ದೆ. ಅದೊಂದು ಚಾಳಿ ಹೋಗಲ್ಲ, ಇಲ್ಲಿ ಸಂಬಳ ಡಾಲರಲ್ಲೇ ಬರುತ್ತೆ ಅಂತ ಎಷ್ಟು ಹೇಳ್ಕೊಂಡ್ರೂ ಕೊತ್ತಂಬರಿ ಸೊಪ್ಪಿಂದ ಹಿಡಿದು ಎಲ್ಲಾನೂ ಗುಣಿಸೋದು, ಗುಣಿಸಿ ಹೊಟ್ಟೆ ಉರ್ಕೊಳ್ಳೋದು, ಆಮೇಲೆ ತಗೊಳ್ಳೋದು. ಕೊತ್ತಂಬರಿ ಅಂದ್ಕೂಡ್ಲೆ ನೆನಪಾಯ್ತು, ಇಲ್ಲಿ ಕರಿಬೇವಿನ ರೇಟ್ ಕೇಳಿದ್ರೆ... ಸರಿ ಬಿಡಿ, ಕ್ಲಿಪ್ ಓಡ್ತಿದೆ.

ಕೊನೆಗೆ ನಮ್ಮ ಮೇಸ್ತ್ರಿನೇ ಕಾಪಾಡಿದ್ದು. ಮೆಟ್ಲಿಗೆ ಅಂತ ಜಾಗ ಕತ್ತರಿಸಿದ್ರಲ್ಲ, ಆ ಕಟ್ ಪೀಸ್ ಬಿಸಾಕಿರ್ಲಿಲ್ಲ. ತೂತಿನ ಸುತ್ತ ಚೌಕಾಕಾರ ಕುಯ್ದು, ಕೆಳಗಿಂದ ಪ್ಲೈವುಡ್ ಅಡ್ಡ ಕೊಟ್ಟು ಪೋಸ್ಟ್ ನಿಲ್ಸಿ, ಅದೇ ಅಳತೆ ತುಂಡು ಕೂರ್ಸಿ ಸಂದಿಗೆ ಸ್ಪ್ರೇ ಫೋಮ್ ಹೊಡೆದ್ರು. ಸಾಲ್ವೆಂಟ್ ಇರೋ ಅಂಟು ಹಾಕಿದ್ರೆ ಅದೂ ಕರಗುತ್ತೆ, ಅದಕ್ಕೆ ಡಬ್ಬ ಓದ್ಕೊಂಡು ಓದ್ಕೊಂಡು ಹಾಕಿದ್ರು. ಇನ್ಸ್‌ಪೆಕ್ಟರ್ ಬಂದು ಕೈಯಲ್ಲಿ ಅದುಮಿ ನೋಡಿ ಓಕೆ ಅಂದ್ರು. ಪ್ಲಂಬರ್ ಆ ಖರ್ಚು ಬಿಲ್ಲಲ್ಲಿ ಕಮ್ಮಿ ಮಾಡ್ಕೊಂಡ್ರಾ ಅಂತ ಕೇಳ್ಬೇಡಿ, ಇನ್ನೂ ಜಗಳ ನಡೀತಿದೆ.

ಕೆಳಗಡೆ ಶಾಟ್. ಈ ಕಂಬಗಳ ಕಾಡು ನೋಡಿ. ಬಿಚ್ಚೋ ಹಾಗಿಲ್ಲ ಅಂದ ತಕ್ಷಣ ಸಪೋರ್ಟೇ ಬೇಡ ಅಂತ ಅಲ್ಲ. ಕಾಂಕ್ರೀಟ್ ಗಟ್ಟಿ ಆಗೋವರೆಗೂ ಅಷ್ಟೂ ಭಾರ ಹೊರೋದು ಈ ಶೋರ್‌ಗಳೇ, ಬಾಡಿಗೆ ಮೀಟರ್ ಓಡ್ತಾನೇ ಇರುತ್ತೆ, ಅಷ್ಟು ದಿನ ಎಲೆಕ್ಟ್ರಿಷಿಯನ್ ಒಳಗೆ ಕಾಲಿಡಂಗಿಲ್ಲ, ಬೋರ್ಡ್ ಹಾಕೋರು ಬರಂಗಿಲ್ಲ. ಇದನ್ನ ಮಾರೋರು ಬರೀ "ಉಳಿತಾಯ, ಉಳಿತಾಯ" ಅಂತಾರೆ, ಈ ಭಾಗ ಮಾತ್ರ ಸಣ್ಣಕ್ಷರದಲ್ಲಿ. ಅವ್ರು ಹೇಳೋ ಇನ್ಸುಲೇಷನ್ ನಂಬರ್‌ಗಳದ್ದೂ ಅದೇ ಕಥೆ. ಇನ್ಸುಲೇಷನ್, ಅಂದ್ರೆ ಬಿಸಿ ದಾಟದಂಗೆ ತಡೆಯೋ ಶಕ್ತೀನ ಇಲ್ಲಿ ಆರ್ ವ್ಯಾಲ್ಯೂ ಅಂತ ಅಳೀತಾರೆ, ಜಾಸ್ತಿ ಇದ್ದಷ್ಟೂ ಒಳ್ಳೇದು, ಒಂದಿಂಚು ಥರ್ಮಾಕೋಲಿಗೆ ಸುಮಾರು 4, ಒಂದಿಂಚು ಕಾಂಕ್ರೀಟಿಗೆ 0.1 ಕೂಡ ಬರೋದು ಕಷ್ಟ. ಸರಿ, ಅದು ನಿಜ. ಆದ್ರೆ ನಮ್ಮ ಪ್ಯಾನೆಲಲ್ಲಿ ಬೀಮ್ ಕೆಳಗೆ ಇರೋದು ಎರಡೇ ಇಂಚು, ದಪ್ಪ ಇರೋ ಕಡೆದು ಲೆಕ್ಕ ಹಾಕಿ ಇಡೀ ಸೂರಿಗೆ ಅಷ್ಟಿದೆ ಅಂದ್ರೆ ಹೆಂಗೆ? ಮೇಲಾಗಿ ಥರ್ಮಾಕೋಲ್ ಕೆಳಗೆ, ಕಾಂಕ್ರೀಟ್ ಮೇಲೆ, ಅಂದ್ರೆ ಬಿಸಿಲಿಗೆ ಕಾಯೋದು ಕಾಂಕ್ರೀಟೇ. ರೂಫಿಗೆ ಮೇಲ್ಗಡೆಯಿಂದ್ಲೂ ಒಂದು ಪದರ ಇನ್ಸುಲೇಷನ್ ಹಾಕೋಣ ಅಂತ ನಾನು, ದುಡ್ಡಿಲ್ಲ ಅಂತ ನಮ್ಮನೆಯವ್ರು.

ಇಷ್ಟೆಲ್ಲ ಬೈದ್ಮೇಲೂ ಹೇಳ್ತೀನಿ, ಜುಲೈ ಬಿಸಿಲಲ್ಲಿ ಇದರ ಕೆಳಗೆ ನಿಂತ್ಕೊಂಡ್ರೆ ಹಾಯಾಗಿದೆ, ಇನ್ನೂ ಮೋಲ್ಡೇ ಬಿದ್ದಿಲ್ಲ ಆಗ. ಕಲಬುರಗಿ ರಾಯಚೂರಲ್ಲಿ ರಾತ್ರಿ ಹತ್ತಾದ್ರೂ ಸೂರು ಬೆಂಕಿ ಉಗುಳ್ತಿರುತ್ತಲ್ಲ, ಬೇಕಾಗಿರೋದು ಅಲ್ಲಿ.

ಹಾಂ ಪಂಪ್ ಬಂತು ಪಂಪ್ ಬಂತು! ಬೆಳಗಿನ ಜಾವ ಇನ್ನೂ ಕತ್ತಲು, ಬಿಸಿಲೇರೋ ಮುಂಚೆ ಮುಗಿಸ್ಬೇಕು ಅಂತ. ಅತ್ತೆ ಅರಸೀಕೆರೆಯಿಂದ ವಿಡಿಯೋ ಕಾಲಲ್ಲಿ, "ಗಾಡಿ ಚಕ್ರಕ್ಕೆ ನಿಂಬೆಹಣ್ಣು ಇಟ್ಯೇನಮ್ಮಾ, ಕೆಲಸದವ್ರಿಗೆ ಸಿಹಿ ಊಟ ಹಾಕ್ಸು, ಮೋಲ್ಡ್ ದಿನ ಬರೀ ಹೊಟ್ಟೇಲಿ ಕಳಿಸ್ಬೇಡ" ಅಂತ ಒಂದೇ ಸಮ. "ಇಟ್ಟಿದೀನಿ ಅತ್ತೆ" ಅಂದೆ. ಮಿಕ್ಸರ್ ಗಾಡಿ ಡ್ರೈವರ್ ಇಳಿದು ನಿಂಬೆಹಣ್ಣು ನೋಡಿ, ಎತ್ಕೊಂಡು, ಟೀಗೆ ಹಿಂಡ್ಕೊಂಡ್ರು. ಅತ್ತೆಗೆ ಹೇಳಿಲ್ಲ, ಯಾರೂ ಹೇಳ್ಬೇಡಿ. ಕೇಸರಿಬಾತ್ ಮಾತ್ರ ಎಲ್ಲಾರೂ ಎರಡೆರಡು ಸಲ ಹಾಕ್ಸ್ಕೊಂಡ್ರು.

ಮೊದ್ಲು ಕಾಲುವೆ ತುಂಬ್ತಾರೆ, ವೈಬ್ರೇಟರ್ ಬಿಡ್ತಾರೆ, ಆಮೇಲೆ ಮೇಲಿನ ಪದರ. ಒಂದೇ ಕಡೆ ಗುಡ್ಡೆ ಸುರಿಯಂಗಿಲ್ಲ, ಅದಕ್ಕೇ ಪೈಪ್ ಹಿಡ್ದಿರೋ ಅಣ್ಣ ನಿಂತಲ್ಲಿ ನಿಲ್ತಿಲ್ಲ. ಅಲ್ಲಿ ಕೆಳಗೆ ಟಾರ್ಚ್ ಹಿಡ್ಕೊಂಡು ನಾನು ಆ ಪ್ಯಾಚ್‌ನೇ ನೋಡ್ತಾ ನಿಂತಿದೀನಿ. ಒಂದು ಹನಿ ನೀರು ಬಂತು, ಆಮೇಲೆ ಏನಿಲ್ಲ.

ನಾವೂ ಊರಲ್ಲಿ ಹಾಕ್ಸ್ಬೋದಾ ಅಂತ ಕಾಮೆಂಟ್ ಮಾಡೋರಿಗೆ, ಥರ್ಮಾಕೋಲ್ ಸಿಗುತ್ತೆ, ಕಂಬಿ ಸಿಗುತ್ತೆ, ಮೊದ್ಲು ಇದರ ಲೆಕ್ಕ ಗೊತ್ತಿರೋ ಸ್ಟ್ರಕ್ಚರಲ್ ಎಂಜಿನಿಯರ್ನ ಹುಡುಕ್ಕೊಳ್ಳಿ, ವಿಡಿಯೋ ನೋಡ್ಕೊಂಡು ಮಾಡಕ್ಕೆ ಹೋಗ್ಬೇಡಿ, ನನ್ನ ವಿಡಿಯೋ ಅಂತೂ ಬೇಡವೇ ಬೇಡ. ಅದೇ ಕಾಂಕ್ರೀಟಲ್ಲಿ ಅಚ್ಚು ಹಾಕಿದ ಸ್ಯಾಂಪಲ್ ಸಿಲಿಂಡರ್ ಲ್ಯಾಬಿಗೆ ಹೋಗಿದೆ, ಎಷ್ಟು ಗಟ್ಟಿ ಆಗಿದೆ ಅಂತ 7ನೇ ದಿನ ಒಂದು 28ನೇ ದಿನ ಒಂದು ಒಡೆದು ನೋಡ್ತಾರೆ, ಎಂಜಿನಿಯರ್ ಹೂಂ ಅಂದ್ಮೇಲೇ ಶೋರ್ ತೆಗೆಯೋದು. ಅಲ್ಲಿವರೆಗೂ ಬಾಡಿಗೆ ಕಟ್ತಾ ಇರ್ತೀವಿ. ಕುಕ್ಕರ್ ಮೂರನೇ ಸೀಟಿ ಆಯ್ತು, ಬರ್ತೀನಿ.